ಹೊಟ್ಟೆಯಲ್ಲಿ ಊಟ ಇದೆ, ರಕ್ತದಲ್ಲಿ ಸಕ್ಕರೆ ಇಲ್ಲ: ಇನ್ಸುಲಿನ್ ಯಾವಾಗ ಹಾಕಿಕೊಳ್ಳುತ್ತೀರಿ?

ಗಂಜಿ ಗಿರಾಕಿ, ಶಿವಮೊಗ್ಗ

ಮೊನ್ನೆ ಮಂಗಳವಾರ ರಾತ್ರಿಯ ಲೆಕ್ಕ ಮೊದಲು ಹೇಳಿಬಿಡುತ್ತೇನೆ. 8 ಗಂಟೆಗೆ ಶುಗರ್ 148. ಎರಡು ಚಪಾತಿ, ಹುರುಳಿಕಾಯಿ ಪಲ್ಯ, ಸ್ವಲ್ಪ ಅನ್ನ, ಸಾರು. ಎಂದಿನಂತೆ 8 ಯುನಿಟ್ ಚುಚ್ಚಿಕೊಂಡು ಊಟಕ್ಕೆ ಕೂತೆ. 9.15ಕ್ಕೆ ಬೆವರು, ಕೈ ನಡುಕ. ನೋಡಿದರೆ 58. ತೇಗಿದರೆ ಪಲ್ಯದ ವಾಸನೆ ಬರುತ್ತಿದೆ, ಅಂದರೆ ಊಟ ಇನ್ನೂ ಮೇಲೆಯೇ ಕೂತಿದೆ. ಗ್ಲೂಕೋಸ್ ನೀರು ಕುಡಿದೆ. ಐದು ನಿಮಿಷ ಕಾಯಲಾಗದೆ ಇನ್ನೊಂದು ಲೋಟ ಕುಡಿದೆ. ಆಮೇಲೆ ಹೆದರಿಕೆಗೆ ಎರಡು ಬಾಳೆಹಣ್ಣು, ನಾಲ್ಕು ಬಿಸ್ಕತ್ತು. ರಾತ್ರಿ 2ಕ್ಕೆ ಬಾಯಾರಿ ಎದ್ದರೆ 341.

ನನಗೆ ಟೈಪ್ 1. ಹದಿನೇಳನೇ ವಯಸ್ಸಿನಲ್ಲಿ ಶುರುವಾಗಿದ್ದು, ಈಗ 26 ವರ್ಷ ಆಯಿತು. ಊಟಕ್ಕೆ ಬೇಗ ಕೆಲಸ ಮಾಡುವ ಇನ್ಸುಲಿನ್, ರಾತ್ರಿ ಇಡೀ ದಿನ ನಿಧಾನಕ್ಕೆ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ 16 ಯುನಿಟ್. ಎರಡು ವರ್ಷದಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು, ಉಬ್ಬರ, ಹುಳಿ ತೇಗು. ಗ್ಯಾಸ್ ಅಂತ ಗ್ಯಾಸ್ ಮಾತ್ರೆ ನುಂಗಿಕೊಂಡಿದ್ದೆ. ಕೊನೆಗೆ ಎಂಡೋಸ್ಕೋಪಿ ಮಾಡಿಸಿದೆ. ರಾತ್ರಿಯಿಂದ ಏನೂ ತಿನ್ನದೆ ಹೋಗಿದ್ದರೂ ಹೊಟ್ಟೆಯಲ್ಲಿ ಹಿಂದಿನ ದಿನದ ಅನ್ನ ಹಾಗೇ ಇತ್ತು. 'ಬೆಳಗ್ಗೆ ತಿಂಡಿ ತಿಂದು ಬಂದಿದ್ದೀರಾ?' ಅಂತ ಅಲ್ಲಿ ಗದರಿದರು. ಇಲ್ಲ ಅಂದರೆ ನಂಬಲಿಲ್ಲ.

ಆಮೇಲೆ ಸ್ಕ್ಯಾನ್ ಮಾಡಿಸಿದೆ. ಸ್ವಲ್ಪ ವಿಕಿರಣ ಪದಾರ್ಥ ಬೆರೆಸಿದ ಇಡ್ಲಿ ತಿನ್ನಿಸಿ, ನಾಲ್ಕು ಗಂಟೆ ಕಾಲ ಆಗಾಗ ಕ್ಯಾಮೆರಾ ಮುಂದೆ ನಿಲ್ಲಿಸುತ್ತಾರೆ. (ಬೇರೆ ಕಡೆ ಮೊಟ್ಟೆಯ ಬಿಳಿ ಭಾಗ ಮತ್ತು ಬ್ರೆಡ್ಡು ಕೊಡುತ್ತಾರಂತೆ. ನಮ್ಮ ಪುಣ್ಯ, ಇಡ್ಲಿ ಸಿಕ್ಕಿತು. ಚಟ್ನಿ ಇರಲಿಲ್ಲ.) ನಾಲ್ಕು ಗಂಟೆಯ ನಂತರ ಶೇಕಡ 10ಕ್ಕಿಂತ ಜಾಸ್ತಿ ಉಳಿದಿರಬಾರದು. ನನ್ನದು 31 ಉಳಿದಿತ್ತು. ಗ್ಯಾಸ್ಟ್ರೋಪರೇಸಿಸ್ ಅಂದರು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದು ಹೊಟ್ಟೆಗೆ ಹೋಗುವ ವೇಗಸ್ ನರ ಸೋತಿದೆ, ಹೊಟ್ಟೆ ಊಟವನ್ನು ಅರೆದು ಮುಂದಕ್ಕೆ ತಳ್ಳುತ್ತಿಲ್ಲ. 1958ರಲ್ಲಿ ಕ್ಯಾಸಾಂಡರ್ ಎನ್ನುವ ವೈದ್ಯರು ಇದಕ್ಕೆ ಹೆಸರಿಟ್ಟರಂತೆ. ನನ್ನ ಕಿವಿಗೆ ಆ ಹೆಸರು ಬಿದ್ದಿದ್ದು ಈ ವರ್ಷ.

ಈಗ ನನ್ನ ಕಷ್ಟ ಅರ್ಥವಾಯಿತಲ್ವಾ? ನನ್ನ ಇನ್ಸುಲಿನ್ 15 ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ, ಒಂದೆರಡು ಗಂಟೆಯಲ್ಲಿ ಅದರ ಜೋರು. ಊಟ ಮಾತ್ರ ಮೂರು ಗಂಟೆಗೆ ಬರಬಹುದು, ಐದಕ್ಕೂ ಬರಬಹುದು. ಕೆಲವು ದಿನ ಸರಿಯಾದ ಹೊತ್ತಿಗೇ ಬಂದುಬಿಡುತ್ತದೆ! ದಿನಾ ಲೇಟಾದರೆ ಹೇಗೋ ಹೊಂದಿಸಿಕೊಳ್ಳಬಹುದಿತ್ತು.

ಇಷ್ಟಾದರೂ ಮೂರು ತಿಂಗಳ ಸರಾಸರಿ, ಎಚ್‌ಬಿಎ1ಸಿ, 7.2. ಎಲ್ಲರೂ 'ಕಂಟ್ರೋಲಲ್ಲಿದೆ' ಅನ್ನುತ್ತಾರೆ. 58ನ್ನೂ 260ನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 159. ಆ 7.2 ಹೇಳುವುದೂ ಹೆಚ್ಚುಕಡಿಮೆ ಅದನ್ನೇ.

ಇನ್ಸುಲಿನ್ ಮತ್ತು ನಿಧಾನದ ಹೊಟ್ಟೆ ಎರಡನ್ನೂ ಒಟ್ಟಿಗೆ ಸಾಕುತ್ತಿರುವವರು ಯಾರಾದರೂ ಇದ್ದೀರಾ?

ತುಮಕೂರಿನ ಸೊಸೆ

ನಾನಲ್ಲ, ನಮ್ಮತ್ತೆ. ವಯಸ್ಸು 68, ಟೈಪ್ 2. ಹನ್ನೆರಡು ವರ್ಷದಿಂದ ಬೆಳಗ್ಗೆ ರಾತ್ರಿ 30/70 ಮಿಕ್ಸ್ ಇನ್ಸುಲಿನ್. ನಿಮ್ಮ ಮಂಗಳವಾರದ ರಾತ್ರಿ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ ನಡೆಯುತ್ತಿತ್ತು.

ನಮ್ಮನ್ನು ಕೆಡಿಸಿದ್ದು ಶುಗರ್‌ನವರಿಗೆ ಕೊಡುವ ಪಥ್ಯದ ಪಟ್ಟಿ. ರಾಗಿ ಮುದ್ದೆ, ಹಸಿ ತರಕಾರಿ, ಮೊಳಕೆ ಕಾಳು, ಸೊಪ್ಪು, ಸಿಪ್ಪೆ ಸಮೇತ ಹಣ್ಣು, ನೆನೆಸಿದ ಮೆಂತ್ಯ. ಬೇರೆ ಶುಗರ್‌ನವರಿಗೆ ಅದೆಲ್ಲ ಒಳ್ಳೆಯದೇ, ಯಾಕೆಂದರೆ ನಾರು ಊಟವನ್ನು ನಿಧಾನ ಮಾಡುತ್ತದೆ. ನಮ್ಮತ್ತೆಗೆ ಮೊದಲೇ ನಿಧಾನ! ಅದರ ಮೇಲೆ ಇನ್ನಷ್ಟು ನಿಧಾನ ಮಾಡುವುದನ್ನೇ ಹುಡುಕಿ ಹುಡುಕಿ ತಿನ್ನಿಸುತ್ತಿದ್ದೆವು. ಕರಗದ ನಾರು ಹೊಟ್ಟೆಯಲ್ಲೇ ಉಂಡೆ ಕಟ್ಟಿಕೊಳ್ಳುವುದೂ ಉಂಟು ಅಂತ ಆಮೇಲೆ ಡಾಕ್ಟರು ಹೇಳಿದರು.

ಈಗ ಎಲ್ಲ ತಿರುಗಾಮುರುಗಾ. ಅನ್ನ ಮೆತ್ತಗೆ, ಬೇಳೆ ನುಣ್ಣಗೆ ರುಬ್ಬಿ. ತರಕಾರಿ ಸಿಪ್ಪೆ ಬೀಜ ತೆಗೆದು ಬೇಯಿಸಿ ಮಸೆದು. ಕರಿದದ್ದು, ತುಪ್ಪ ಸುರಿದದ್ದು ಇಲ್ಲ, ಜಿಡ್ಡು ಕೂಡ ಹೊಟ್ಟೆಯನ್ನು ತಡೆಯುತ್ತದೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಬಟ್ಟಲು. ಹೊಟ್ಟೆ ಸೋತಿದ್ದರೂ ನೀರು ನೀರಾದದ್ದು ಗಟ್ಟಿ ಊಟಕ್ಕಿಂತ ಬೇಗ ಇಳಿಯುತ್ತದೆ. ಸಂಜೆ ಹೊತ್ತಿಗೆ ಹೊಟ್ಟೆ ಹೆಚ್ಚು ಸುಸ್ತಾಗಿರುತ್ತದೆ ಅಂತ ಗಟ್ಟಿಯಾದದ್ದೇನಿದ್ದರೂ ಬೆಳಗ್ಗೆ ಕೊಡುತ್ತೇವೆ, ರಾತ್ರಿ ಬರೀ ಗಂಜಿ.

ಮುದ್ದೆ ಬಿಡಿಸಲು ಮಾತ್ರ ದೊಡ್ಡ ಜಗಳವೇ ಆಯಿತು. 'ಮುದ್ದೆ ಇಲ್ಲದೆ ನನ್ನ ಕೈಯಲ್ಲಿ ಬದುಕೋಕಾಗಲ್ಲ' ಅಂತ ಎರಡು ದಿನ ಮುಖ ತಿರುಗಿಸಿ ಕೂತಿದ್ದರು. ಕೊನೆಗೆ ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆದು, ಮಗುವಿಗೆ ಮಾಡುವ ರಾಗಿ ಸರಿಯ ಹಾಗೆ ಕಾಯಿಸಿ ಕೊಡಲು ಶುರು ಮಾಡಿದೆ. 'ನನ್ನ ಮೊಮ್ಮಗನ ಊಟ ನನಗೆ' ಅಂತ ಗೊಣಗುತ್ತಲೇ ಕುಡಿಯುತ್ತಾರೆ.

ಮೆಂತ್ಯ ಮಾಸ್ತರು

ಎಲ್ಲರೂ ಇಂಗ್ಲಿಷ್ ಔಷಧಿಯ ಹಿಂದೆಯೇ ಬಿದ್ದಿದ್ದೀರಿ. ದಿನಾ ಬೆಳಗ್ಗೆ ಒಂದು ಚಮಚ ನೆನೆಸಿದ ಮೆಂತ್ಯ, ಹಾಗಲಕಾಯಿ ರಸ ಅರ್ಧ ಲೋಟ. ನನಗೆ 11 ವರ್ಷದಿಂದ ಶುಗರ್, ಇದರಲ್ಲೇ ಹತೋಟಿ. ಇನ್ಸುಲಿನ್ ಕಡಿಮೆ ಮಾಡುತ್ತಾ ಬನ್ನಿ, ಎಲ್ಲ ಸರಿಹೋಗುತ್ತದೆ.

ಗಂಜಿ ಗಿರಾಕಿ, ಶಿವಮೊಗ್ಗ

ಮಾಸ್ತರೇ, ನಿಮಗೆ ಆಗಿಬಂದಿದ್ದರೆ ಸಂತೋಷ. ನನ್ನ ದೇಹ ಇನ್ಸುಲಿನ್ ತಯಾರಿಸುವುದೇ ಇಲ್ಲ. ನಾನು ಅದನ್ನು ಬಿಟ್ಟರೆ ಕೆಲವೇ ದಿನಕ್ಕೆ ಐಸಿಯು. ಇನ್ನು ಮೆಂತ್ಯ ಕೆಲಸ ಮಾಡುವುದೇ ಲೋಳೆಯಾಗಿ ಊಟವನ್ನು ತಡೆದು. ಮೇಲೆ ಆ ಮೇಡಂ ಬರೆದಿದ್ದನ್ನು ಇನ್ನೊಂದು ಸಲ ಓದಿ.

ಕೆಂಪು ಮುಚ್ಚಳ

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಜಿ ಸರ್, ಹೊಟ್ಟೆಯ ಮೇಲೆ ಪೂರ್ತಿ ತಪ್ಪು ಹೊರಿಸುವ ಮೊದಲು ಹೊಟ್ಟೆಯ ಹೊರಗಡೆ ಒಮ್ಮೆ ನೋಡಿ. ಚುಚ್ಚಿಕೊಳ್ಳುವ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ. ಒಂದೇ ಕಡೆ ವರ್ಷಗಟ್ಟಲೆ ಚುಚ್ಚಿದರೆ ಚರ್ಮದ ಕೆಳಗೆ ಕೊಬ್ಬು ಗಂಟು ಕಟ್ಟುತ್ತದೆ. ಅಲ್ಲಿ ನೋವಾಗುವುದಿಲ್ಲ ಅಂತ ಜನ ಅಲ್ಲೇ ಚುಚ್ಚಿಕೊಳ್ಳುತ್ತಾರೆ. ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ಬೇಗ ಇಳಿಯುತ್ತದೆ, ಇನ್ನೊಂದು ದಿನ ಅಲ್ಲೇ ಕೂರುತ್ತದೆ.

ಎರಡನೆಯದು ಸಿರಿಂಜು. ನೀವು ಪೆನ್ ಬಳಸುತ್ತಿರಬಹುದು, ಆದರೆ ಓದುವ ಬೇರೆಯವರಿಗೂ ಬೇಕು ಅಂತ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯುನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯುನಿಟ್‌ನದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯುನಿಟ್. ಅದಲು ಬದಲಾದರೆ 4 ಯುನಿಟ್ ಮಾತ್ರ. ನನ್ನ ಹೆಸರಿನ ಗುಟ್ಟು ಇದೇ.

ಮೂರನೆಯದು ತುಂಬ ಜನರಿಗೆ ಗೊತ್ತಿಲ್ಲ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತಿನ್ನುವವರಿಗೆ ಶುಗರ್ ಲೋ ಆದಾಗ ಅಡುಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡಲ್ಲ. ಸಕ್ಕರೆಯನ್ನು ಕರುಳಿನಲ್ಲಿ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು.

ಇನ್ನು ಆ ಬಾಳೆಹಣ್ಣು, ಬಿಸ್ಕತ್ತು. ಬೈಯುತ್ತಿಲ್ಲ, ಆ ಹೊತ್ತಿನ ಹಸಿವು ಎಂಥದು ಅಂತ ಗೊತ್ತು. ಆದರೆ ಅವು ಊಟದ ಹಿಂದೆ ಕ್ಯೂ ನಿಂತು ರಾತ್ರಿ 2ಕ್ಕೆ ಒಳಗೆ ಬಂದವು, ಅದೇ ನಿಮ್ಮ 341. 70ರ ಕೆಳಗೆ ಹೋದರೆ 15 ಗ್ರಾಂ ಗ್ಲೂಕೋಸ್, ಅಂದರೆ ಸಣ್ಣ ಚಮಚದಲ್ಲಿ ಮೂರು, ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಹೊಟ್ಟೆ ತುಂಬಿದ್ದಾಗ ನಿಮಗೆ ಇದೂ ತಡವಾಗಬಹುದು, ಅದಕ್ಕೆ ಒಬ್ಬರೇ ಇರಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ಯಾರೂ ಏನೂ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಗ್ಲುಕಗಾನ್ ಸೂಜಿ ಮನೆಯಲ್ಲಿದ್ದರೆ ಅದು, ಇಲ್ಲದಿದ್ದರೆ ನೇರ ಆಸ್ಪತ್ರೆ. ಗ್ಲುಕಗಾನ್‌ಗೆ ಹೊಟ್ಟೆಯ ಹಂಗಿಲ್ಲ, ಅದು ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತದೆ.

ಗಂಜಿ ಗಿರಾಕಿ, ಶಿವಮೊಗ್ಗ

ಮೇಡಂ, ಈಗ ಒತ್ತಿ ನೋಡಿದೆ. ಹೊಕ್ಕಳಿನ ಬಲಕ್ಕೆ ಎರಡು ಗಂಟು, ನೆಲ್ಲಿಕಾಯಿಯಷ್ಟು. ಇಷ್ಟು ವರ್ಷ ಅದನ್ನು ಬೊಜ್ಜು ಅಂದುಕೊಂಡಿದ್ದೆ.

ಕೆಂಪು ಮುಚ್ಚಳ

ಜಾಗ ಬದಲಾಯಿಸಿ, ಆದರೆ ಅದೇ ಡೋಸ್ ಹಾಕಿಕೊಳ್ಳಬೇಡಿ ಸರ್. ಒಳ್ಳೆಯ ಚರ್ಮದಿಂದ ಇನ್ಸುಲಿನ್ ಪೂರ್ತಿ ಇಳಿದು ಮತ್ತೆ ಲೋ ಆಗಬಹುದು. ಎಷ್ಟು ಇಳಿಸಬೇಕು ಅಂತ ನಿಮ್ಮ ಡಾಕ್ಟರ್ ಹತ್ತಿರ ಕೇಳಿಕೊಂಡೇ ಬದಲಾಯಿಸಿ.

ರಾಯಚೂರು ಬಿಸಿಲು

ನಮ್ಮ ಕಡೆ ಏಪ್ರಿಲ್ ಮೇನಲ್ಲಿ ಇನ್ಸುಲಿನ್ನೇ ಕೆಟ್ಟುಹೋಗುತ್ತದೆ, ಆಗ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಕರೆಂಟ್ ಹೋದರೆ ಫ್ರಿಜ್ ನಂಬುವ ಹಾಗಿಲ್ಲ. ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಒಳಗೆ ಸಣ್ಣ ಡಬ್ಬಿ ಇಟ್ಟು, ಅದರಲ್ಲಿ ಪೆನ್ ಇಡುತ್ತೇನೆ. ಬೈಕಿನ ಡಿಕ್ಕಿಯಲ್ಲಿ ಯಾವತ್ತೂ ಇಡಬೇಡಿ.

ಪಂಪು ಕಟ್ಟಿಕೊಂಡವನು, ನ್ಯೂಜೆರ್ಸಿ

ಮೂಲ ಮಂಡ್ಯ, ಟೈಪ್ 1, ಏಳು ವರ್ಷದಿಂದ ಗ್ಯಾಸ್ಟ್ರೋಪರೇಸಿಸ್. ಗಂಜಿಯವರೇ, ನನಗೆ ಒಂದು ವಿಷಯ ತಲೆಗೆ ಹೋಗಲು ಮೂರು ವರ್ಷ ಬೇಕಾಯಿತು. ಇನ್ಸುಲಿನ್ ಹಾಕುವುದು ತಟ್ಟೆ ನೋಡಿ ಅಲ್ಲ, ಹೊಟ್ಟೆ ನೋಡಿ. ಎಷ್ಟು ತಿಂದೆ ಅನ್ನುವುದು ಡೋಸಿನ ಲೆಕ್ಕ. ಅದು ಯಾವಾಗ ಕರುಳಿಗೆ ಇಳಿಯುತ್ತದೆ ಅನ್ನುವುದು ಗಡಿಯಾರದ ಲೆಕ್ಕ. ನಾವು ಮೊದಲನೆಯದನ್ನೇ ತಿದ್ದುತ್ತಾ ಕೂರುತ್ತೇವೆ. ನಿಮ್ಮ 8 ಯುನಿಟ್ ತಪ್ಪು ಇಲ್ಲದೆಯೂ ಇರಬಹುದು, 8 ಗಂಟೆಗೆ ಹಾಕಿಕೊಂಡಿದ್ದೇ ತಪ್ಪು.

ಮೈಗೆ ಕಟ್ಟಿಕೊಳ್ಳುವ ಇನ್ಸುಲಿನ್ ಪಂಪಿನಲ್ಲಿ ಇದು ಸುಲಭ. ಸ್ವಲ್ಪ ಈಗ ಹಾಕು, ಉಳಿದದ್ದನ್ನು ಮೂರು ಗಂಟೆ ಕಾಲ ಹನಿ ಹನಿಯಾಗಿ ಬಿಡು ಅಂತ ಹೇಳಬಹುದು. ಮಧ್ಯದಲ್ಲಿ ವಾಂತಿಯಾದರೆ ಉಳಿದದ್ದನ್ನು ನಿಲ್ಲಿಸಬಹುದು. ಪೆನ್ ಇರುವವರು ಡಾಕ್ಟರ ಜೊತೆ ಕೂತು ಮಾತಾಡಬೇಕಾದ ದಾರಿಗಳು ಮೂರು. ಊಟ ಮುಗಿದ ಮೇಲೆ ಹಾಕಿಕೊಳ್ಳುವುದು ಒಂದು. ಡೋಸನ್ನು ಎರಡು ಭಾಗ ಮಾಡಿ, ಒಂದನ್ನು ಊಟಕ್ಕೆ, ಇನ್ನೊಂದನ್ನು ಶುಗರ್ ಏರಲು ಶುರುವಾದ ಮೇಲೆ ಹಾಕಿಕೊಳ್ಳುವುದು ಇನ್ನೊಂದು. ಮೂರನೆಯದು ಹಳೆಯ ರೆಗ್ಯುಲರ್ ಇನ್ಸುಲಿನ್‌ಗೆ ಹೋಗುವುದು. ಅದು ಅರ್ಧ ಗಂಟೆಗೆ ಶುರುವಾಗಿ ಎರಡರಿಂದ ನಾಲ್ಕು ಗಂಟೆಯಲ್ಲಿ ಜೋರಾಗುತ್ತದೆ. ಎಲ್ಲರೂ ಅದನ್ನು ಓಬೀರಾಯನ ಕಾಲದ್ದು ಅನ್ನುತ್ತಾರೆ, ನಮ್ಮಂಥ ಹೊಟ್ಟೆಗೆ ಕೆಲವು ಸಲ ಅದೇ ಸರಿಯಾಗಿ ಹೊಂದುತ್ತದೆ. ಅಂದ ಹಾಗೆ ತುಮಕೂರಿನ ಮೇಡಂ, ಮಿಕ್ಸ್ ಇನ್ಸುಲಿನ್‌ನಲ್ಲಿ ಊಟದ ಭಾಗ ಮತ್ತು ಹೆಚ್ಚು ಹೊತ್ತು ಕೆಲಸ ಮಾಡುವ ಭಾಗ ಒಂದೇ ಸೂಜಿಯಲ್ಲಿ ಇರುತ್ತದೆ, ಒಂದನ್ನು ಮಾತ್ರ ಮುಂದಕ್ಕೆ ಹಾಕಲು ಆಗುವುದಿಲ್ಲ. ಅದನ್ನೂ ಡಾಕ್ಟರ್‌ಗೆ ಕೇಳಿ.

ಇನ್ನೊಂದು ಎಚ್ಚರಿಕೆ. ಬೆಂಗಳೂರಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರಿಗೆ ತೂಕ ಇಳಿಸಲು ವಾರಕ್ಕೊಮ್ಮೆಯ ಇಂಜೆಕ್ಷನ್ ಶುರು ಮಾಡಿದ್ದರು. ಸೆಮಾಗ್ಲುಟೈಡ್ ಥರದ ಔಷಧಿಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಹೊಟ್ಟೆ ಮೊದಲೇ ಸೋತಿದ್ದರೆ ಡಾಕ್ಟರ್ ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಬೇಕು.

ಹೊಸಬ, ದಾವಣಗೆರೆ

ಊಟ ಆದ ಮೇಲೆ ಹಾಕಿಕೊಂಡರೆ ಶುಗರ್ ಪಟ್ಟಂತ ಏರಲ್ವಾ?

ಪಂಪು ಕಟ್ಟಿಕೊಂಡವನು, ನ್ಯೂಜೆರ್ಸಿ

ಗಂಜಿ, ಜ್ಯೂಸು ಕುಡಿದಿದ್ದರೆ ಏರುತ್ತದೆ. ಹೊಟ್ಟೆ ಚೆನ್ನಾಗಿರುವ ದಿನವೂ ಏರುತ್ತದೆ. ಅದಕ್ಕೇ ಶುಗರ್ ತೋರಿಸುತ್ತಲೇ ಇರುವ, ತೋಳಿಗೆ ಅಂಟಿಸುವ ಸೆನ್ಸರ್ ಇಲ್ಲದೆ ಈ ಆಟ ಆಡುವುದು ಕಷ್ಟ. ಸಂಖ್ಯೆಗಿಂತ ಬಾಣದ ಗುರುತು ಮುಖ್ಯ, ಮೇಲಕ್ಕಾ ಕೆಳಕ್ಕಾ ಅಂತ. ಆದರೆ ಸೆನ್ಸರ್ ರಕ್ತಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ. ಮೈ ನಡುಗುತ್ತಿದ್ದರೆ ಬೆರಳು ಚುಚ್ಚಿ ನೋಡಿ. ರಾತ್ರಿ ಆ ತೋಳಿನ ಮೇಲೆಯೇ ಮಲಗಿದರೆ ಸುಮ್ ಸುಮ್ನೆ ಲೋ ಅಂತ ಕೂಗಿ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಇದು ಅನುಭವ.

ಗಂಜಿ ಗಿರಾಕಿ, ಶಿವಮೊಗ್ಗ

ಸೆನ್ಸರ್ 14 ದಿನಕ್ಕೆ ಮುಗಿಯುತ್ತದೆ, ಮತ್ತೆ ಸಾವಿರಾರು ರೂಪಾಯಿ. ಪ್ರತಿ ತಿಂಗಳು ಎರಡು ನನ್ನ ಸಂಬಳಕ್ಕೆ ಆಗುವ ಮಾತಲ್ಲ. ಒಂದು ತರಿಸಿ ಹಾಕಿಕೊಂಡು ಎರಡು ವಾರ ಪುಸ್ತಕದಲ್ಲಿ ಬರೆದಿಡುತ್ತೇನೆ. ಬಂದು ಹೇಳುತ್ತೇನೆ.

ತುಮಕೂರಿನ ಸೊಸೆ

ಮಾತ್ರೆಗಳ ಬಗ್ಗೆ ಯಾರೂ ಬರೆಯಲಿಲ್ಲ, ನಮ್ಮ ಮನೆಯ ಕಥೆ ಕೇಳಿ. ಅತ್ತೆಗೆ ಗ್ಯಾಸಿಗೆ ಅಂತ ಒಂದು ಕ್ಯಾಪ್ಸೂಲ್ ಬರೆದಿದ್ದರು, ಲೆವೋಸಲ್ಪಿರೈಡ್ ಸೇರಿದ್ದು. ಹೊಟ್ಟೆ ಹಗುರಾಯಿತು. ಚೀಟಿ ಒಂದು ತಿಂಗಳಿಗೆ ಇತ್ತು. ನಾವು ಮೆಡಿಕಲ್ ಶಾಪಿನಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ಎಂಟು ತಿಂಗಳು ತಂದೆವು. ಆಮೇಲೆ ಕೈ ನಡುಕ ಶುರುವಾಯಿತು, ಮುಖದಲ್ಲಿ ನಗುವೇ ಇಲ್ಲ, ಹೆಜ್ಜೆ ಚಿಕ್ಕದಾಯಿತು. ವಯಸ್ಸಾಯಿತು ಅಂತ ಒಬ್ಬರು, ಪಾರ್ಕಿನ್ಸನ್ ಅಂತ ಇನ್ನೊಬ್ಬರು. ಶುಗರ್ ಲೋ ಆಗಿದೆ ಅಂತ ನಾವು ಸಕ್ಕರೆ ನೀರು ಕುಡಿಸಿದ್ದೂ ಇದೆ! ಕೊನೆಗೆ ನರರೋಗದ ಡಾಕ್ಟರೊಬ್ಬರು ಮಾತ್ರೆಗಳ ಚೀಲವನ್ನೇ ಮೇಜಿನ ಮೇಲೆ ಸುರಿಸಿ ಒಂದೊಂದಾಗಿ ನೋಡಿ ಇದನ್ನು ಹಿಡಿದರು. ನಿಲ್ಲಿಸಿದ ಮೇಲೆ ಸರಿಯಾಗಲು ಎರಡು ತಿಂಗಳು ಹಿಡಿಯಿತು.

ಕೆಂಪು ಮುಚ್ಚಳ

ಊಟ ಮುಂದಕ್ಕೆ ತಳ್ಳಲು ಕೊಡುವ ಇನ್ನೊಂದು ಮಾತ್ರೆ ಮೆಟೊಕ್ಲೋಪ್ರಮೈಡ್‌ದೂ ಇದೇ ಹಣೆಬರಹ. ಅಮೆರಿಕದಲ್ಲಿ 2009ರಲ್ಲೇ ಅದರ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದರು, 12 ವಾರಕ್ಕಿಂತ ಜಾಸ್ತಿ ಬೇಡ ಅಂತ. ಬಾಯಿ ನಾಲಿಗೆ ತಾನಾಗಿ ಆಡುವುದು ಶುರುವಾದರೆ ಕೆಲವರಲ್ಲಿ ಹೋಗುವುದೇ ಇಲ್ಲ. ಡೊಂಪೆರಿಡೋನ್ ಮಿದುಳಿಗೆ ಅಷ್ಟು ಹೋಗುವುದಿಲ್ಲ, ಆದರೆ ಹೃದಯದ ಬಡಿತ ಏರುಪೇರಾಗಬಹುದು, ಇಸಿಜಿ ನೋಡಿಕೊಂಡು ಕೊಡಬೇಕು. ಈ ಮಾತ್ರೆಗಳು ಬೇಡ ಅಂತ ಹೇಳುತ್ತಿಲ್ಲ. ಖಾಲಿ ಸ್ಟ್ರಿಪ್ ತೋರಿಸಿ ತರಬೇಡಿ, ಅಷ್ಟೇ.

ಗಂಜಿ ಗಿರಾಕಿ, ಶಿವಮೊಗ್ಗ

ಮೂರು ವಾರ ಆಯಿತು. ಪುಸ್ತಕ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಗಂಟು ಬಿಟ್ಟು ತೊಡೆಗೆ ಮತ್ತು ಹೊಟ್ಟೆಯ ಎಡಕ್ಕೆ ಚುಚ್ಚುತ್ತಿದ್ದೇನೆ. ಡಾಕ್ಟರು ಊಟದ ಡೋಸನ್ನು 8ರಿಂದ 6ಕ್ಕೆ ಇಳಿಸಿದರು, ರಾತ್ರಿಯದನ್ನು 14 ಮಾಡಿದರು. ರಾತ್ರಿ ಊಟಕ್ಕೆ ಎರಡು ಭಾಗ. 2 ಯುನಿಟ್ ಊಟ ಮುಗಿದ ಕೂಡಲೇ, 4 ಯುನಿಟ್ ಬಾಣ ಮೇಲಕ್ಕೆ ತಿರುಗಿದ ಮೇಲೆ. ಬಾಣ ಕೆಲವು ದಿನ 9.30ಕ್ಕೆ ತಿರುಗುತ್ತದೆ, ಒಂದು ದಿನ ರಾತ್ರಿ 12.40ಕ್ಕೆ. ಆ ದಿನ ಕಾದು ಕಾದು ನಿದ್ದೆ ಬಂದು, ಹಾಕಿಕೊಳ್ಳದೇ ಮಲಗಿಬಿಟ್ಟೆ, ಬೆಳಗ್ಗೆ 287.

ಮಾರನೆಯ ದಿನ ಏನಾಯಿತು ಅಂತಲೂ ಬರೆದಿದ್ದೇನೆ. 287ರಲ್ಲಿ ಎದ್ದ ದಿನ ಇಡ್ಲಿ ಕೂಡ ಇಳಿಯಲಿಲ್ಲ, ಮಧ್ಯಾಹ್ನದವರೆಗೂ ಕಲ್ಲು. ಶುಗರ್ ಜಾಸ್ತಿ ಇದ್ದಷ್ಟು ಹೊತ್ತು ಹೊಟ್ಟೆ ಇನ್ನೂ ನಿಧಾನವಾಗುತ್ತದೆಯಂತೆ, ಡಾಕ್ಟರು ಹೌದು ಅಂದರು. ಅಂದರೆ ಹಿಂದಿನ ರಾತ್ರಿಯ ಬಾಳೆಹಣ್ಣು ನನ್ನ ಮಾರನೆಯ ಮಧ್ಯಾಹ್ನವನ್ನೂ ಕೆಡಿಸುತ್ತಿತ್ತು. ಈಗ ಎದ್ದಾಗ 200ರ ಮೇಲಿದ್ದರೆ ಮೊದಲು ಅದನ್ನು ಇಳಿಸುತ್ತೇನೆ, ಆಮೇಲೆ ತಿಂಡಿ.

ಊಟದ ಮೇಲೆ ನಡೆಯುವುದು ಒಳ್ಳೆಯದು ಅಂದರು. ನಡೆದರೆ ಹೊಟ್ಟೆ ಹಗುರಾಗುವುದು ನಿಜ. ಆದರೆ ಇನ್ಸುಲಿನ್ ಜೋರಿನಲ್ಲಿರುವಾಗ ನಡೆದು ಒಮ್ಮೆ 64ಕ್ಕೆ ಬಂದು ಪಕ್ಕದ ಬೀದಿಯ ಕಟ್ಟೆಯ ಮೇಲೆ ಕೂತಿದ್ದೆ. ಈಗ ಜೇಬಲ್ಲಿ ಗ್ಲೂಕೋಸ್ ಇಟ್ಟುಕೊಂಡು, ನಮ್ಮ ಬೀದಿಯಲ್ಲೇ ನಿಧಾನಕ್ಕೆ ಹದಿನೈದು ನಿಮಿಷ.

14 ದಿನದಲ್ಲಿ 70ರ ಕೆಳಗೆ ಹೋಗಿದ್ದು ನಾಲ್ಕು ಸಲ. ಮೊದಲು ವಾರಕ್ಕೇ ನಾಲ್ಕಿರುತ್ತಿತ್ತು. 70ರಿಂದ 180ರ ಒಳಗೆ ಶೇಕಡ 52 ಹೊತ್ತು ಇದ್ದೆನಂತೆ. ಸಾಮಾನ್ಯವಾಗಿ ಶೇಕಡ 70 ಹೊತ್ತು ಇರಬೇಕು ಅನ್ನುತ್ತಾರೆ. 'ನಿನ್ನ ಹೊಟ್ಟೆಗೆ ಸದ್ಯಕ್ಕೆ ಇದು ಸಾಕು, ಮೊದಲು ಲೋ ತಪ್ಪಿಸೋಣ' ಅಂದರು ಡಾಕ್ಟರು.

ಮೊನ್ನೆ ಭಾನುವಾರ ತೀರ್ಥಹಳ್ಳಿ ಕಡೆ ಮದುವೆ ಮನೆ. ಎಲೆಯ ಮೇಲೆ ಹೋಳಿಗೆ ಬಂತು, ಮೇಲೆ ತುಪ್ಪ ಬೇರೆ. ನಾನು ಕೈ ಅಡ್ಡ ಇಟ್ಟು 'ಹೋಳಿಗೆ ಬೇಡ, ಪಾಯಸ ಅರ್ಧ ಸೌಟು ಹಾಕಿ' ಅಂದೆ. ಪಕ್ಕದಲ್ಲಿದ್ದ ಚಿಕ್ಕಪ್ಪ ಬಾಯಿ ಬಿಟ್ಟುಕೊಂಡು ನೋಡಿದರು, 'ಶುಗರ್ ಇಟ್ಕೊಂಡು ಪಾಯಸನಾ?' ಅಂತ. ಹೋಳಿಗೆ ಯಾವಾಗ ಇಳಿಯುತ್ತದೆ ಅಂತ ಆ ದೇವರಿಗೂ ಗೊತ್ತಿಲ್ಲ, ಪಾಯಸ ಅಷ್ಟು ಕಾಯಿಸುವುದಿಲ್ಲ, ಅದಕ್ಕೆ ಸೂಜಿ ಹೊಂದಿಸಬಹುದು ಅಂತ ಪಂಕ್ತಿಯಲ್ಲಿ ಕೂತು ಹೇಗೆ ವಿವರಿಸಲಿ? ಸಂಜೆ 4ಕ್ಕೆ 171.

ಈಗ ಒಂದು ಪ್ರಶ್ನೆ. ಬುಧವಾರ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಿದ್ದೇನೆ. ಸೆನ್ಸರ್ ಮುಗಿದಿದೆ. ಎರಡನೇ ಭಾಗವನ್ನು ಯಾವ ಧೈರ್ಯದಲ್ಲಿ ಹಾಕಿಕೊಳ್ಳಲಿ?

ತುಮಕೂರಿನ ಸೊಸೆ

ಅಣ್ಣ, ರಾತ್ರಿ ಊಟವೇ ಬೇಡ. ಸಂಜೆ 6ಕ್ಕೆ ಮನೆಯಲ್ಲೇ ಗಂಜಿ ಕುಡಿದು, ಬಸ್ ಹತ್ತುವ ಮೊದಲು ಬೆರಳು ಚುಚ್ಚಿ ನೋಡಿ, ಎರಡನೇ ಭಾಗ ಬೇಕಾದರೆ ಮನೆಯಲ್ಲೇ ಮುಗಿಸಿ. ರಾತ್ರಿಯ 14 ಯುನಿಟ್‌ನಲ್ಲಿ ಆ ದಿನ ಎಷ್ಟು ಹಾಕಿಕೊಳ್ಳಬೇಕು ಅಂತ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ. ಕಂಡಕ್ಟರ್‌ಗೂ ಒಂದು ಮಾತು ಹೇಳಿಡಿ. ನಾವು ಅತ್ತೆಯನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿದ್ದು ಹೀಗೇ.

ಕೆಂಪು ಮುಚ್ಚಳ

ಗ್ಲೂಕೋಸ್ ಮೇಲಿನ ರ‍್ಯಾಕಿನ ಬ್ಯಾಗಿನಲ್ಲಿ ಇಡಬೇಡಿ ಸರ್. ಜೇಬಲ್ಲಿ, ನೀರಿನ ಬಾಟಲಿ ಪಕ್ಕದಲ್ಲಿ.